ಹಿತ್ತಲ ಬಾಗಿಲಿನ ಅಕ್ಕಾರು

ಅಗಳಿ ಜಾರುವ ಸಪ್ಪಳ ಕೇಳಿದರೆ ಇಂದಿಗೂ ನನ್ನ ಬೆನ್ನು ತಣ್ಣಗಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಸಂಜೆ ಬಾಗಿಲು ಹಾಕುವಾಗ ನನ್ನ ಹೆಂಡತಿ ಅಗಳಿಯನ್ನು ಅಂಗೈಯಲ್ಲಿ ಹಿಡಿದು, ಮಲಗಿದ ಕೂಸನ್ನು ಸರಿಸಿದ ಹಾಗೆ, ಮೆಲ್ಲಗೆ ಸರಿಸುತ್ತಾಳೆ. ಹೋದ ವಾರ ಅಕ್ಕಾರು ತೀರಿಕೊಂಡು, ಅವರ ಮಣ್ಣಿಗೆ ಹೋಗಿ ಬಂದ ದಿನ ಅವಳಿಗೆ ಮರೆತುಹೋಯಿತು. ಕಬ್ಬಿಣದ ಅಗಳಿ ಒಮ್ಮೆಲೆ ಜಾರಿ ಕಟಕ್ ಎಂದಿತು. ನಾನು ತಾಟಿನ ಮುಂದಿನಿಂದ ಎದ್ದು ನಿಂತುಬಿಟ್ಟೆ. ಕೈಯಲ್ಲಿ ರೊಟ್ಟಿಯ ತುಣುಕು ಹಾಗೇ ಇತ್ತು.

"ಕೂಡ್ರಿ," ಎಂದಳು ಹೆಂಡತಿ. "ಇದು ನಮ್ಮ ಮನಿ."

ಕುಳಿತೆ.

ಅಕ್ಕಾರು ಎಂದರೆ ನನಗೆ ಒಡಹುಟ್ಟಿದವರಲ್ಲ, ಸಾಲಿ ಕಲಿಸಿದವರೂ ಅಲ್ಲ. ಮಿಶನ್ನಿನ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿತು, ಹುಬ್ಬಳ್ಳಿಯ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಕ್ರೈಸ್ತ ಹೆಣ್ಣುಮಗಳು. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಗಂಡ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಕೇಶ್ವಾಪುರದಲ್ಲಿ ಎರಡು ಕೋಣೆಯ ಮನೆ, ಮುಂದೆ ಒಂದು ನುಗ್ಗೆ ಗಿಡ. ಬಿಳಿ ಸೀರೆ, ಗಂಡಸರ ಕರಿ ಛತ್ರಿ, ತಗಡಿನ ಪೆಟ್ಟಿಗೆ. ಅವರು ಬಂದು ಹೋದ ಕೋಣೆಯಲ್ಲಿ ಕಾರ್ಬಾಲಿಕ್ ಸಾಬೂನಿನ ವಾಸನೆ ಮರುದಿನದವರೆಗೂ ಇರುತ್ತಿತ್ತು.

ಅವರದೊಂದು ರೂಢಿ ಇತ್ತು. ಏನು ಮಾಡುವ ಮೊದಲೂ ಎರಡು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು. ಹೊಸ ಕೂಸಿಗೆ ತಣ್ಣನೆಯ ಕೈ ತಾಗಬಾರದೆಂದು ಶುರುವಾದದ್ದು, ಕೊನೆಗೆ ಮೈಯಲ್ಲೇ ಕೂತುಬಿಟ್ಟಿತ್ತು. ನಮಸ್ಕಾರ ಮಾಡುವ ಮೊದಲು ಉಜ್ಜುವರು, ಚಹದ ಬಟ್ಟಲು ಹಿಡಿಯುವ ಮೊದಲು ಉಜ್ಜುವರು. ಸಿಟ್ಟು ಬಂದರಂತೂ ಉರಿಬಿಸಿಲಿನಲ್ಲೂ ಉಜ್ಜುವರು.

ಊರಿನ ಅರ್ಧ ಮಂದಿಯನ್ನು ಅವರ ತಾಯಿಗಿಂತ ಮೊದಲು ನೋಡಿದವರು ಅವರು. ಯಾರ ಹೆಸರು ಹೇಳಿದರೂ ಹುಟ್ಟಿದ ರೀತಿ ನೆನಪಿಗೆ ಬರುತ್ತಿತ್ತು. ಕೋರ್ಟಿನ ಒಬ್ಬ ದೊಡ್ಡ ವಕೀಲರ ಮಗನ ಬಗ್ಗೆ ನಾನು ಏನೋ ದೂರಿದಾಗ, "ಅಂವಾ ಕುಂಡಿ ಮುಂದ ಮಾಡಿ ಬಂದಾಂವ್ರಿ. ಮಂದಿಗೆ ಮುಖಾ ತೋರಸೂದು ಅವನ ರಾಶ್ಯಾಗ ಇಲ್ಲ," ಎಂದಿದ್ದರು. ನಗದೆ ಹೇಳುತ್ತಿದ್ದರು. ನಗು ಕಣ್ಣ ಕೆಳಗಿನ ದಣಿವಿನಲ್ಲಿ ಎಲ್ಲೋ ಇರುತ್ತಿತ್ತು.

ಇಷ್ಟು ಮನೆಗಳಿಗೆ ಹೋದವರು ಯಾವ ಮನೆಯನ್ನೂ ಮುಂದಿನ ಬಾಗಿಲಿನಿಂದ ಹೊಕ್ಕವರಲ್ಲ. ಬಾಣಂತಿ ಕೋಣೆ ಯಾವಾಗಲೂ ಹಿಂದೆ, ಬಚ್ಚಲಿನ ಹತ್ತಿರ. ಹೆರಿಗೆಯೆಂದರೆ ಮೈಲಿಗೆ. ಮಾಡಿಸುವವರು ಕ್ರೈಸ್ತರೆಂದರೆ ಮತ್ತಷ್ಟು. ಆದ್ದರಿಂದ ಮನೆಮನೆಯ ನಡುವೆ ಬಚ್ಚಲು ನೀರು ಹರಿಯುವ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು ನಡೆದು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಕೆಲಸ ಮುಗಿಸಿ, ಅಲ್ಲಿಂದಲೇ ಹೊರಗೆ ಬರಬೇಕು. ಯಾರೂ ಇದನ್ನು ಅವಮಾನವೆಂದು ಮಾಡಿದ್ದಲ್ಲ. ಅವರೂ ಹಾಗೆ ತಿಳಿದಂತೆ ಕಾಣಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುವಂತೆ ಅದೂ ಒಂದು. ನನ್ನ ಮಗಳು ಹುಟ್ಟಿದಾಗ ದೇಶಪಾಂಡೆ ನಗರದ ನಮ್ಮ ಬಾಡಿಗೆ ಮನೆಗೂ ಅವರು ಹಿತ್ತಲಿನಿಂದಲೇ ಬಂದಿದ್ದರು. ಧಾರವಾಡದಲ್ಲಿ ಕಾಲೇಜು ಕಲಿತು, ಸಮಾನತೆಯ ಬಗ್ಗೆ ಚರ್ಚಾಕೂಟದಲ್ಲಿ ಮಾತಾಡಿ ಬಂದ ನನಗೆ ಅದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಅಂಥವರು ಒಂದು ದಿನ ನಮ್ಮ ಮನೆಯ ಮುಂದಿನ ಬಾಗಿಲಿಗೆ ಬಂದು ನಿಂತರು.

"ವಕೀಲರ, ಒಂದು ಅರ್ಜಿ ಬರಕೊಡ್ರಿ."

"ಯಾರ ಮ್ಯಾಲ್ರಿ?"

"ಯಾರ ಮ್ಯಾಲೂ ಅಲ್ರಿ. ಮುನಸಿಪಾಲ್ಟಿಗೆ ನಿಂದರಾಕ. ಉಮೇದುವಾರಿ ಅರ್ಜಿ."

ಹೆಂಗಸರು ನಿಲ್ಲಬಹುದೆಂಬ ಕಾಯಿದೆ ಇತ್ತು. ನಿಂತವರನ್ನು ನಾನು ಕಂಡಿರಲಿಲ್ಲ. ಒಳಗಿನಿಂದ ನಮ್ಮ ಅವ್ವನ ದನಿ ಕೇಳಿತು. "ಇಷ್ಟು ದಿನಾ ಹಿತ್ತಲಾಗ ಬರ್ತಿದ್ದಾಕಿ ಇವತ್ತ ಮುಂದ ಬಂದಾಳ. ಹಡಸಲಿಕ್ಕೆ ಒಂದು ಬಾಗಲಾ, ಇಲೆಕ್ಷನ್ನಿಗೆ ಒಂದು ಬಾಗಲಾ ಅದ ಏನು?"

ಅಕ್ಕಾರು ಕೈ ಉಜ್ಜಿಕೊಂಡರು. "ಹೌದ್ರಿ ಅವ್ವಾರ. ಕೂಸು ಹಿಂದಿನ ಬಾಗಲದಾಗ ಬರ್ತಾವ. ಓಟು ಮುಂದಿನ ಬಾಗಲದಾಗ ಬರಬೇಕಲ್ರಿ."

ಅವ್ವನಿಗೆ ನಗು ತಡೆಯಲಾಗಲಿಲ್ಲ. ಚಹಾ ಕೊಟ್ಟಳು, ಹೊರಗಿನವರಿಗೆಂದು ಬೇರೆ ಇಟ್ಟ ಬಟ್ಟಲಿನಲ್ಲಿ.

ಅವರು ಯಾಕೆ ನಿಂತರೆಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅದೇ ಜಾಗದಲ್ಲಿ ಆಗಲೇ ಸದಸ್ಯರಾಗಿದ್ದ ಅರಳೆ ಸಾಹುಕಾರರು, ಬಿಳಿಯರು ಹಿಂದಿನಿಂದ ನೂಕಿದ್ದಾರೆ ಎಂದರು. ಖಾದಿ ಟೊಪ್ಪಿಗೆಯ ಹುಡುಗರು ಆಕೆ ಸರಕಾರದ ಕಡೆಯವಳು ಎಂದರು. ಕೋರ್ಟಿನ ಗೆಳೆಯರು, "ಮುದುಕಿಗೆ ಕುರ್ಚಿ ಆಸೆ. ಜೀವಮಾನವೆಲ್ಲ ನೆಲದ ಮೇಲೆ ಕೂತು ಕೆಲಸ ಮಾಡಿದ್ದಾಳೆ, ಪಾಪ," ಎಂದು ನಕ್ಕರು. ನಾನೂ ಕೇಳಿದ್ದೆ. "ಮೊಣಕಾಲು ನೋಯಾಕತ್ತಾವ್ರಿ ವಕೀಲರ. ಕುಂತು ಮಾಡೂ ಕೆಲಸ ಬೇಕಾಗೇತಿ," ಎಂದು ತೇಲಿಸಿಬಿಟ್ಟರು. ಮತ್ತೊಂದು ಸಲ ಕೇಳಿದಾಗ ಛತ್ರಿ ಬಿಚ್ಚಿ ನಡೆದೇಬಿಟ್ಟರು.

ಖರೇ ಉತ್ತರ ನನಗೆ ಸಿಕ್ಕಿದ್ದು ಅವರು ಇನ್ನೊಬ್ಬರಿಗೆ ಕೊಟ್ಟಾಗ. ಒಂದು ರವಿವಾರ ಕೇಶ್ವಾಪುರದ ಅವರ ಮನೆಯ ಮುಂದೆ ಕುಳಿತಿದ್ದೆವು. ಆರಾಧನೆ ಮುಗಿಸಿಕೊಂಡು ಅವರ ಪಾದ್ರಿಯವರು ಬಂದರು. ಒಳ್ಳೆಯ ಮನುಷ್ಯ, ಅಂಜುವ ಮನುಷ್ಯ.

"ಅಕ್ಕಾ, ನಮ್ಮದು ಸಣ್ಣ ಸಭಾ. ತಲಿ ತಗ್ಗಿಸಿ ಸೇವಾ ಮಾಡಿದ್ರ ಊರು ಪ್ರೀತಿ ಮಾಡ್ತೈತಿ. ತಲಿ ಎತ್ತಿದ್ರ ಮೊದಲನೇ ಕಲ್ಲು ದೇವಾಲಯದ ಕಿಡಕಿಗೆ ಬೀಳತೈತಿ. ಆ ಓಣಿ ಸಲುವಾಗಿ ಪ್ರಾರ್ಥನಾ ಮಾಡ್ರಿ, ಸಾಕು."

ಆ ಓಣಿ ಎಂದರೆ ಹಳೇ ಹುಬ್ಬಳ್ಳಿಯಲ್ಲಿ ಬಣ್ಣಗಾರರು, ನೇಕಾರರು ಇರುವ ಒಂದು ಇಳಿಜಾರಿನ ಓಣಿ. ಮೇಲಿನ ಪೇಟೆಯ ಮನೆಗಳ ಬಚ್ಚಲು ನೀರೆಲ್ಲ ಅಲ್ಲಿಗೆ ಇಳಿದು, ಸಂದಿಗಳಲ್ಲಿ ನಿಂತು, ಮಳೆಗಾಲದಲ್ಲಿ ಏರಿ, ಓಣಿಯ ಒಂದೇ ಬಾವಿಯೊಳಗೆ ಬೀಳುತ್ತಿತ್ತು. ವರ್ಷವೂ ವಾಂತಿಭೇದಿ. ಅಕ್ಕಾರು ಹಡಿಸಿದ ಎಷ್ಟೋ ಕೂಸುಗಳು ಹಲ್ಲು ಬರುವ ಮೊದಲೇ ಹೋಗುತ್ತಿದ್ದವು.

ಅಕ್ಕಾರು ಪಾದ್ರಿಯವರಿಗೆ ಸ್ಟೂಲು ಸರಿಸಿ ಕೊಟ್ಟರು. ಆಮೇಲೆ ಹೇಳಿದರು, "ಅಯ್ಯಾರ, ಆ ಓಣ್ಯಾಗ ನಾ ಮಾಡಿದಷ್ಟು ಪ್ರಾರ್ಥನಾ ನಿಮ್ಮ ದೇವಾಲಯದಾಗ ಆಗಿರಾಕಿಲ್ಲ. ಕೂಸು ಬಂದಾಗ ಮಾಡೇನಿ, ಕೂಸು ಹೋದಾಗ ಮಾಡೇನಿ. ಈಗ ನಾಚಿಕಿ ಬರಾಕತ್ತೈತಿ. ನಾಲ್ಕು ಫರಸಿಕಲ್ಲು ಹಾಕಿ ಗಟಾರ ಕಟ್ಟಿದ್ರ ಆಗೂ ಕೆಲಸಕ್ಕ ದೇವರನ್ನ ಎಷ್ಟಂತ ಕಾಡ್ಲಿ? ಅವನಿಗೆ ಮಾಡೂ ಕೆಲಸ ಬ್ಯಾರೆ ಇಲ್ಲೇನು?"

ಪಾದ್ರಿಯವರು ಸ್ಟೂಲಿನ ಮೇಲೆ ಕುಳಿತರು. "ಹಂಗಂದ್ರ ಹೆಂಗ," ಎಂದರು. ಅಷ್ಟೇ. ಚಹಾ ಕುಡಿದು ಹೋದರು.

ನಾನು ವಕೀಲನ ಲೆಕ್ಕ ತೆಗೆದೆ. "ಅಕ್ಕಾರ, ಮುನಸಿಪಾಲ್ಟಿಗೆ ಮನಿ ತೆರಿಗಿ ಕಟ್ಟೋರಿಗೆ ಮಾತ್ರ ಓಟು ಅದ. ಓಟೆಲ್ಲಾ ಮ್ಯಾಲಿನ ಪ್ಯಾಟ್ಯಾಗವ. ಆ ಓಣ್ಯಾಗ ಓಟಿದ್ದಾವರು ಯಾರಿದ್ದಾರ?"

"ಯಾರೂ ಇಲ್ಲ."

"ಮತ್ತ?"

"ಓಟು ಇದ್ದಿದ್ರ ಅವರ ನಿಂದರತಿದ್ರು. ನಾ ಯಾಕ ನಿಂದರತಿದ್ದೆ?"

ಅಂದಿನಿಂದ ನಾನು ಅವರ ಜೊತೆ ತಿರುಗತೊಡಗಿದೆ. ಕಕ್ಷಿದಾರರು ಹೇಗೂ ಇರಲಿಲ್ಲ. ಮೇಲಿನ ಪೇಟೆಯಲ್ಲಿ ಮನೆಮನೆಗೆ ಹೋದೆವು. ನಾನು ಕಾಯಿದೆ ಹೇಳುತ್ತಿದ್ದೆ, ಅವರು ಕೂಸುಗಳ ಆರೋಗ್ಯ ಕೇಳುತ್ತಿದ್ದರು. ಕೆಲವರು ನಾಚಿ, ಕೆಲವರು ಪ್ರೀತಿಯಿಂದ, ಓಟು ಹಾಕುತ್ತೇವೆಂದರು. ಸಾಹುಕಾರರಿಗೆ ಬಿಸಿ ತಾಗಿತು. ಅಷ್ಟರಲ್ಲಿ ಆ ಓಣಿಯ ಬಣ್ಣಗಾರರ ಮನೆಯ ಒಬ್ಬ ಅಜ್ಜಿಯ ಬಾಯಿಂದ ಒಂದು ಮಾತು ಹೊರಬಿತ್ತು.

ಆ ಅಜ್ಜಿಯ ಸೊಸೆಗೆ ಆಗಷ್ಟೇ ಗಂಡು ಕೂಸು ಹುಟ್ಟಿತ್ತು. ಹುಟ್ಟಿದಾಗ ನೀಲಿಗಟ್ಟಿತ್ತು, ಉಸಿರಿಲ್ಲ. ಅಕ್ಕಾರು ಒಂದು ಬೋಗುಣಿಯಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು ಇರಿಸಿ, ಕೂಸನ್ನು ಇದರಲ್ಲೊಮ್ಮೆ ಅದರಲ್ಲೊಮ್ಮೆ ಅದ್ದಿ, ಹಣೆಗೆ ನೀರು ಚಿಮುಕಿಸಿ, ಬೆನ್ನು ತಿಕ್ಕಿ, ಕಡೆಗೂ ಅಳಿಸಿದ್ದರು. ಹಾಗೆ ಮಾಡುವಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು. ಅಜ್ಜಿ ನೋಡಿದ್ದಳು. ಅವಳಿಗೆ ಹಿಗ್ಗೋ ಹಿಗ್ಗು. ಬಾವಿಗೆ ಬಂದವರಿಗೆಲ್ಲ ಹೇಳಿಕೊಂಡಳು. "ದರ್ಗಾದ ದಾರಾ ಕಟ್ಟಿದ್ವಿ, ಮಠದ ಅಂಗಾರಾ ಹಚ್ಚಿದ್ವಿ, ಮ್ಯಾಲ ಅಕ್ಕಾರ ದೇವರ ನೀರೂ ಬಿತ್ತು ನೋಡವ್ವಾ. ಮೂರೂ ಕೂಡಿ ನನ್ನ ಮೊಮ್ಮಗನ್ನ ಉಳಿಸಿದ್ವು."

ಆ ಓಣಿಯ ಯಾವ ಮುದುಕಿಯಾದರೂ ಹಾಗೆಯೇ ಹೇಳುತ್ತಿದ್ದಳು. ಕಷ್ಟಕ್ಕೆ ಬಂದ ದೇವರಿಗೆಲ್ಲ ಉಪಕಾರ ಹೇಳುವುದು ಅವರ ರೀತಿ. ಆದರೆ ಮಾತು ಬಾವಿಯಿಂದ ಪೇಟೆಗೆ ಏರುವ ಹೊತ್ತಿಗೆ ಬಣ್ಣ ಬದಲಾಗಿತ್ತು. ನರ್ಸಬಾಯಿ ಬಣ್ಣಗಾರರ ಕೂಸಿಗೆ ನೀರು ಹಾಕಿ ಕಿರಿಸ್ತಾನ ಮಾಡಿದ್ದಾಳೆ, ಹಡಿಸಿದ ಕೂಸಿಗೆಲ್ಲ ಇದನ್ನೇ ಮಾಡುತ್ತಾಳೆ, ಇನ್ನು ಮುನಸಿಪಾಲ್ಟಿ ಕೈಗೆ ಬಂದರೆ ಬಾವಿಗೇ ಮಂತ್ರ ಹಾಕುತ್ತಾಳೆ! ಸಾಹುಕಾರರ ಗುಮಾಸ್ತ ಇದನ್ನು ಅಂಗಡಿ ಅಂಗಡಿಗೆ ಹಂಚಿದ. ಬಣ್ಣಗಾರರ ಕುಲದ ಹಿರಿಯರು ಕೂಡಿ, ಇದು ಇತ್ಯರ್ಥವಾಗುವವರೆಗೆ ಆ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಯಾರೂ ಹೋಗಬಾರದು ಎಂದರು. ಕೂಸು ಹೆಸರಿಲ್ಲದೆ ಮಲಗಿತು.

ಅಕ್ಕಾರಿಗೆ ಓಟು ಹೋದ ಚಿಂತೆ ಇರಲಿಲ್ಲ. ಆ ಕೂಸಿನ ಚಿಂತೆ ಹತ್ತಿತು.

ನಾನು ಅವರನ್ನು ಮನೆಗೆ ಕರೆಸಿ ಹೇಳಿದೆ. "ಯಾರರೆ ಕೇಳಿದ್ರ, ನೀರು ಹಾಕಿದ್ದು ದವಾಖಾನಿ ಪದ್ಧತಿ ಅಂತ ಹೇಳ್ರಿ. ಅದು ಖರೇನ ಅದ. ಪ್ರಾರ್ಥನಾದ ಮಾತು ಎತ್ತಬ್ಯಾಡ್ರಿ. ಕೂಸೂ ಉಳೀತದ, ಇಲೆಕ್ಷನ್ನೂ ಉಳೀತದ."

"ಅದು ಅರ್ಧಾ ಖರೇ ಆತಲ್ರಿ."

"ಕೋರ್ಟಿನ್ಯಾಗ ಅರ್ಧಾ ಸಾಕ್ರಿ, ಅಕ್ಕಾರ."

"ಕೂಸಿಗೆ ಅರ್ಧಾ ಉಸಿರು ಸಾಕೇನ್ರಿ?"

ನನ್ನ ಹೆಂಡತಿ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಕ್ಕಾರು ಹೋದ ಮೇಲೆ ಹೇಳಿದಳು, "ನಮ್ಮ ಕೂಸಿಗೂ ಮಾಡಿದ್ರು. ನಾ ಕೇಳಿಸಿಕೊಂಡೇನಿ."

"ಏನಂದ್ರು?"

"'ಕೆಲಸ ನಿಂದು, ಕೈ ಅಷ್ಟ ನಂದು' ಅಂದ್ರು. ಮತ್ತ ಮತ್ತ ಅದನ್ನ ಅಂದ್ರು. ಅದನ್ನ ಕೇಳಿ ನನಗೂ ಧೈರ್ಯ ಬಂತು."

ಮತದಾನದ ಹಿಂದಿನ ದಿನ ಮಧ್ಯಾಹ್ನ ಆ ಓಣಿಗೆ ಹೋದೆವು. ಅಲ್ಲಿ ಓಟಿಲ್ಲ, ಬೇಡವೆಂದೆ. "ಯಾರ ಸಲುವಾಗಿ ನಿಂತೇನಿ ಅವರಿಗೆ ಹೇಳದ ಹೆಂಗ?" ಎಂದರು. ಟಾಂಗಾ ಹೊಡೆಯುವ ಚಾಚಾ ಹಳಬರು. ಓಣಿಯ ಬಾಯಿಯಲ್ಲೇ ಲಗಾಮು ಎಳೆದು, "ಅಕ್ಕಾರ, ಮಂದಿ ಛಲೋ ಕಾಣಾಕತ್ತಿಲ್ಲ. ಎಲ್ಲಾರ ಕೈ ಬೆನ್ನ ಹಿಂದ ಅದಾವು," ಎಂದರು.

ಬೇವಿನ ಕಟ್ಟೆಯ ಸುತ್ತ ಗಂಡಸರು ನಿಂತಿದ್ದರು. ಓಣಿಯವರು ಕೆಲವರು, ಪೇಟೆಯಿಂದ ಬಂದವರು ಹೆಚ್ಚು. ಹೆಂಗಸರು ಯಾರೂ ಹೊರಗಿರಲಿಲ್ಲ. ಅಕ್ಕಾರು ಟಾಂಗಾದ ಮೆಟ್ಟಿಲ ಮೇಲೆ ನಿಂತು, ಗಟಾರದ ಮಾತು ಶುರುಮಾಡಿದರು. ಒಬ್ಬ ಮೀಸೆ ಮೂಡುವ ಹುಡುಗ ಕೂಗಿದ. "ಭಾಷಣಾ ಸಾಕು ಮಾಡಬೇ!"

"ನೀ ಹುಟ್ಟಿದಾಗ ಅಳಾಕೂ ಬರ್ತಿದ್ದಿಲ್ಲ. ಈಗ ಒದರತಿ. ಆಗಲಿ, ಗಂಟಲ ಛಲೋ ಆಗೇತಿ," ಎಂದರು ಅಕ್ಕಾರು. ಕೆಲವರು ನಕ್ಕರು. ಒಂದು ಗಳಿಗೆ ನನಗೆ ಎಲ್ಲ ಸರಿಹೋದಂತೆ ಅನಿಸಿತು. ಈಗಲೂ ಆ ನಗುವಿನ ಹತ್ತಿರ ಬಂದಾಗ ನೆನಪು ನಿಲ್ಲುತ್ತದೆ. ಅಲ್ಲಿಯೇ ಟಾಂಗಾ ತಿರುಗಿಸಿದ್ದರೆ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ತಿರುಗಿಸಿದ್ದೇನೆ.

ಗುಮಾಸ್ತ ಮುಂದೆ ಬಂದ. ಮಾತು ಬಹಳ ಮೃದು. "ಅಕ್ಕಾರ, ಗಟಾರ ಇರ್ಲಿ. ಒಂದು ಮಾತು ಹೇಳ್ರಿ. ಬಣ್ಣಗಾರರ ಕೂಸಿನ ತಲಿಗೆ ನೀರು ಹಾಕಿದಿರೋ ಇಲ್ಲೋ? ನಿಮ್ಮ ದೇವರ ಹೆಸರು ತಗೊಂಡಿರೋ ಇಲ್ಲೋ?"

ನಾನು ಕೆಮ್ಮಿದೆ. ಅಕ್ಕಾರು ನನ್ನ ಕಡೆ ನೋಡಲಿಲ್ಲ. ಕೈ ಉಜ್ಜಿದರು, ಬಹಳ ಹೊತ್ತು ಉಜ್ಜಿದರು.

"ನೀರು ಹಾಕೇನಿ, ಉಸಿರು ಬರ್ಲಿ ಅಂತ. ದೇವರನ್ನ ಬೇಡಿಕೊಂಡೇನಿ, ಕೂಸು ಉಳೀಲಿ ಅಂತ. ಅದರ ಜಾತಿ ಮುಟ್ಟಿಲ್ಲ. ಅವ್ವ ಅಪ್ಪ ಕೇಳದ, ನಮ್ಮ ಅಯ್ಯಾರು ಇಲ್ಲದ, ಯಾರನ್ನೂ ಕಿರಿಸ್ತಾನ ಮಾಡಾಕ ಬರೂದಿಲ್ಲ. ಆ ಕೂಸು ಹೆಂಗ ಹುಟ್ಟಿತ್ತೋ ಹಂಗ ಐತಿ. ತೊಟ್ಟಿಲಿಗೆ ಹಾಕ್ರಿ ಅದನ್ನ."

ಕೊನೆಯ ಮಾತುಗಳನ್ನು ಯಾರೂ ಕೇಳಲಿಲ್ಲ. "ಬೇಡಿಕೊಂಡೇನಿ ಅಂದ್ಲು! ಒಪ್ಪಿಕೊಂಡ್ಲು!" ಎಂಬ ಕೂಗು ಅವನ್ನು ಮುಚ್ಚಿಬಿಟ್ಟಿತು. ಮೊದಲ ಕಲ್ಲು ಟಾಂಗಾದ ದೀಪಕ್ಕೆ ಬಡಿಯಿತು. ಗಾಜು ನನ್ನ ಅಂಗಿಯ ಕೊರಳಿನೊಳಗೆ ಸುರಿಯಿತು. ಕುದುರೆ ಎದ್ದು ನಿಂತಿತು. ಅಕ್ಕಾರು ಕೆಳಗೆ ಬಿದ್ದರು, ನಾನು ಹಾರಿದೆನೋ ಬಿದ್ದೆನೋ ತಿಳಿಯದು. ಬೆದರಿದ ಕುದುರೆ ಟಾಂಗಾವನ್ನೂ ಚಾಚಾರನ್ನೂ ಎಳೆದುಕೊಂಡು ಓಡಿಹೋಯಿತು. ಹಾಗೆ ಓಡಿದ್ದಕ್ಕೆ ಮಂದಿ ಎರಡು ಕಡೆ ಸರಿದರು. ನಡುವೆ ಒಂದಿಷ್ಟು ಜಾಗ ತೆರವಾಯಿತು.

ನಾನು ಎದುರಿಗೆ ಕಂಡ ಬಾಗಿಲಿಗೆ ಓಡಿದೆ. ಅದು ಆ ಅಜ್ಜಿಯ ಮನೆಯದೇ. ಹೊಸ್ತಿಲ ಮೇಲೆ ಅವಳು ನಿಂತದ್ದನ್ನು ಕಂಡಿದ್ದೆ. ಅವಳ ಮೊಮ್ಮಗನನ್ನು ಉಳಿಸಿದವರು, ಅವಳು ಒಳಗೆ ಕರೆದುಕೊಳ್ಳದಿದ್ದರೆ ಇನ್ಯಾರು? ನಾನು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗೆ ಅಗಳಿ ಜಾರಿತು. ಎರಡೂ ಕೈಯಿಂದ ಬಡಿದೆ. "ಬಾಗಲಾ ತಗೀಬೇ! ಅಕ್ಕಾರು ಅದಾರ!" ಎಂದು ಕೂಗಿದೆ. ಕಟ್ಟಿಗೆಯ ಆಚೆ ಅವಳ ಉಸಿರು ಕೇಳುತ್ತಿತ್ತು. ತೆರೆಯಲಿಲ್ಲ. ನನ್ನ ತಲೆಯ ಪಕ್ಕದಲ್ಲಿ ಬಾಗಿಲಿಗೆ ಒಂದು ಕಲ್ಲು ಬಿತ್ತು.

"ವಕೀಲರ, ಅಲ್ಲಿ ಅಲ್ರಿ! ಹಿಂದ! ಹಿಂದ!"

ಅಕ್ಕಾರು ನನ್ನ ಕೈ ಹಿಡಿದು ಎಳೆದರು. ಅವರ ಹಣೆಯಿಂದ ರಕ್ತ ಇಳಿಯುತ್ತಿತ್ತು. ಕೈ ಮಾತ್ರ ಬೆಚ್ಚಗಿತ್ತು. ಗೋಡೆಯ ಮಗ್ಗುಲಲ್ಲಿ ಒಬ್ಬರೇ ನುಸುಳುವಷ್ಟು ಸಂದಿ ಇತ್ತು. ಹಿಂದೆ ಯಾವ ಗಂಡಸೂ ಆ ಹೊಲಸಿನೊಳಗೆ ಕಾಲಿಟ್ಟಿರಲಾರ. ಬೆನ್ನಟ್ಟಿ ಬಂದವರೂ ಇಡಲಿಲ್ಲ. ಸಂದಿಯ ಬಾಯಿಯಲ್ಲಿ ನಿಂತು ಒದರಿದರು, ನಾಲ್ಕು ಕಲ್ಲು ತೂರಿದರು, ಅಷ್ಟೇ.

ಕಪ್ಪು ನೀರು ಮೊಣಕಾಲಿಗೆ ಬಂತು. ನನ್ನ ಬೂಟು ಕೆಸರಿನಲ್ಲಿ ಉಳಿದವು. ಅಕ್ಕಾರು ಮುಂದೆ, ಸೀರೆ ಎತ್ತಿ ಹಿಡಿದು, ತಮ್ಮ ಅಂಗಳದಲ್ಲಿ ನಡೆದ ಹಾಗೆ ನಡೆದರು. ಎಲ್ಲಿ ಗುಂಡಿ, ಎಲ್ಲಿ ಕಲ್ಲು ಎಂದು ಅವರ ಕಾಲಿಗೆ ಗೊತ್ತಿತ್ತು. ನಡುವೆ ಒಮ್ಮೆ ನಿಂತು, ಏದುಸಿರು ಬಿಡುತ್ತ, ಹಿಂತಿರುಗಿ ನೋಡಿ ಹೇಳಿದರು, "ನೋಡಿದ್ರೇನ್ರಿ ವಕೀಲರ? ಇದನ್ನ ಕಟ್ಟಸಾಕ ನಿಂತಾಕಿ ನಾ."

ಸಂದಿ ತಿರುಗಿದಲ್ಲಿ ಅಜ್ಜಿಯ ಮನೆಯ ಹಿತ್ತಲ ಬಾಗಿಲು ಪೂರ್ತಿ ತೆರೆದಿತ್ತು. ಅಜ್ಜಿ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಬರ್ರಿ, ಲಗೂ ಬರ್ರಿ. ಕಾಲ ತೊಳಕೋರಿ." ಆಮೇಲೆ ನನ್ನನ್ನು ನೋಡಿ, ಅರಿಯದ ಕೂಸನ್ನು ಗದರಿಸುವ ಹಾಗೆ, "ನೀ ಯಾಕ ಮುಂದ ಬಡದೆಪಾ ತಮ್ಮಾ? ಅಕ್ಕಾರು ಯಾವತ್ತರೆ ಮುಂದ ಬಂದಾರೇನು? ಮುಂದಿನ ಬಾಗಲಾ ಮಂದೀದು," ಎಂದಳು.

ಬಾಣಂತಿ ಕೋಣೆಯಲ್ಲಿ ಕುಳಿತೆವು. ಅಲ್ಲಿ ಕಿಟಕಿ ಇಲ್ಲ. ಮೂಲೆಯಲ್ಲಿ ಸೊಸೆ ತಲೆಯ ಮೇಲೆ ಸೆರಗು ಹೊದ್ದು ಕೂಸನ್ನು ಎದೆಗವಚಿಕೊಂಡಿದ್ದಳು. ಮುಂದಿನ ಬಾಗಿಲಿಗೆ ಆಗಾಗ ಕಲ್ಲು ಬೀಳುತ್ತಿತ್ತು. ಪ್ರತಿ ಸಲವೂ ನನ್ನ ಮೈ ಹಾರುತ್ತಿತ್ತು. ಸದ್ದಿಗೆ ಎದ್ದು ಕೂಸು ಅಳತೊಡಗಿತು. ಸೊಸೆ ಹೆದರಿ ಅದರ ಬಾಯಿ ಮುಚ್ಚಲು ಹೋದಳು. ಅಕ್ಕಾರು ಬೇಡವೆಂದು ಕೈ ಮಾಡಿ, ತಲೆ ವಾಲಿಸಿ ಆ ಅಳುವನ್ನು ಕೇಳಿದರು. "ಎದಿ ಛಲೋ ಐತಿ," ಎಂದರು. ಅಜ್ಜಿ ಅವರ ಹಣೆಗೆ ಅರಿಶಿಣ ಒತ್ತಿದಳು. ಹೊರಗೆ ಅಷ್ಟು ಗದ್ದಲವಿರುವಾಗ ಅವರಿಬ್ಬರೂ ಮೊಮ್ಮಗನ ಮಲದ ಬಣ್ಣದ ಬಗ್ಗೆ ಮಾತಾಡಿದರು.

ಪೊಲೀಸರು ಬಂದರೆಂದೋ ಬೇಸರವಾಯಿತೆಂದೋ ಕೊನೆಗೆ ಮಂದಿ ಚದುರಿದರು. ಚಾಚಾ ಹೇಗೋ ಹುಡುಕಿಕೊಂಡು ಬಂದು ಹಿತ್ತಲ ಕಡೆಯಿಂದಲೇ ನಮ್ಮನ್ನು ಕರೆದೊಯ್ದರು. ಮನೆ ಮುಟ್ಟಿದಾಗ ಅವ್ವ ನನ್ನ ಬರಿಗಾಲು ನೋಡಿದಳು, ಅಕ್ಕಾರ ಹಣೆ ನೋಡಿದಳು. ಇಬ್ಬರಿಗೂ ಹಾಲು ತಂದಳು. ಯಾವ ಬಟ್ಟಲಿನಲ್ಲಿ ತಂದಳೆಂದು ನೋಡುವ ಎಚ್ಚರ ನನಗಿರಲಿಲ್ಲ. ಆಮೇಲೆ ಹೆಂಡತಿಯೂ ಹೇಳಲಿಲ್ಲ.

ಮರುದಿನ ಅಕ್ಕಾರು ಸೋತರು. ಬಹಳ ಕೆಟ್ಟದಾಗಿ ಸೋತರು.

ಬಣ್ಣಗಾರರ ಕುಲದ ಹಿರಿಯರು ಮತ್ತೆ ಕೂಡಿದಾಗ ಅಜ್ಜಿಯನ್ನು ಕರೆಸಿ ಕೇಳಿದರಂತೆ. ಅಜ್ಜಿ ಒಂದೇ ಮಾತು ಹೇಳಿದಳಂತೆ: "ಆಕಿ ಬಂದಾಗ ನಾ ಬಾಗಲಾ ಹಾಕೇನಿ. ಊರೆಲ್ಲಾ ನೋಡೈತಿ." ಹೌದು, ಊರೆಲ್ಲ ನೋಡಿತ್ತು. ಅಗಳಿಯ ಸಪ್ಪಳ ಕಟ್ಟೆಯವರೆಗೂ ಕೇಳಿತ್ತು. ನೀರು ಹಾಕಿಸಿಕೊಂಡ ಮನೆಯವರಾಗಿದ್ದರೆ ಆಕೆಯನ್ನು ಹೊರಗೆ ನಿಲ್ಲಿಸುತ್ತಿದ್ದರೇ ಎಂದು ಹಿರಿಯರೇ ಒಬ್ಬರಿಗೊಬ್ಬರು ಹೇಳಿಕೊಂಡರು. ಕೂಸಿಗೆ ಹೆಸರಾಯಿತು. ಅಕ್ಕಾರಿಗೆ ತೊಟ್ಟಿಲಿನ ಕರೆ ಬರಲಿಲ್ಲ. ಬರುವ ಹಾಗಿರಲಿಲ್ಲ.

ಇದನ್ನು ನಾನೇ ಹೋಗಿ ಅಕ್ಕಾರಿಗೆ ಹೇಳಿದೆ. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಆ ದಿನ ಒಂದೇ ಸಲ. "ಮುದಿಕಿ ವಕೀಲಿ ಮಾಡಬೇಕಾಗಿತ್ತು. ನಿಮ್ಮ ಹೊಟ್ಟಿ ಮ್ಯಾಲ ಕಾಲ ಬೀಳತಿತ್ತು."

ನನಗೆ ನಗು ಬರಲಿಲ್ಲ. ಆ ಅಗಳಿ ಯಾಕೆ ಜಾರಿತೆಂದು ನನಗೆ ಗೊತ್ತು. ಜಾರಿದ್ದರಿಂದಲೇ ಒಂದು ಕೂಸು ಕುಲದೊಳಗೆ ಉಳಿಯಿತು, ಹಿಂದಿನ ಬಾಗಿಲು ನಮಗಾಗಿ ತೆರೆದಿತ್ತು, ಇದೆಲ್ಲ ಗೊತ್ತು. ಆದರೆ ಬೆನ್ನಿಗೆ ಗೊತ್ತಿಲ್ಲ. ಅದು ಇನ್ನೂ ಮುಂದಿನ ಬಾಗಿಲಿನ ಎದುರಿಗೇ ನಿಂತಿದೆ.

ಗೆದ್ದ ಸಾಹುಕಾರರು ಓಟು ಕೇಳುವಾಗ ಕೊಟ್ಟ ಮಾತಿಗೆ ತಪ್ಪಲಿಲ್ಲ, ಗಟಾರ ಕಟ್ಟಿಸಿದರು. ಮೇಲಿನ ಪೇಟೆಯಲ್ಲಿ ಚೊಕ್ಕ ಫರಸಿಕಲ್ಲಿನ ಗಟಾರ. ಓಟಿನ ಮನೆಗಳು ಎಲ್ಲಿ ಮುಗಿಯುತ್ತಿದ್ದವೋ ಅಲ್ಲಿಗೆ ಅದೂ ಮುಗಿಯಿತು. ಈಗ ನೀರು ಮೊದಲಿಗಿಂತ ಲಗೂ ಇಳಿದು ಓಣಿಗೆ ಬರುತ್ತಿತ್ತು. ಅಕ್ಕಾರು ಮುಂದಿನ ಚುನಾವಣೆಗೂ ನಿಂತರು. ಅರ್ಜಿ ನಾನೇ ಬರೆದೆ. ಈ ಸಲ ಪಾದ್ರಿಯವರು ಒಂದು ಕರಿ ಛತ್ರಿ ತಂದು ಕೊಟ್ಟರು, ಹಳೆಯದು ಹರಿದಿತ್ತೆಂದು. ಆ ಸಲವೂ ಸೋತರು. ಆಮೇಲೆ ಯುದ್ಧ ಬಂತು, ಸೀಮೆಎಣ್ಣೆಗೂ ಜೋಳಕ್ಕೂ ಪಾಳಿ ನಿಲ್ಲುವ ಕಾಲ ಬಂತು, ಅವರ ಮೊಣಕಾಲು ಖರೇನೇ ಬಿದ್ದುಹೋಯಿತು. ಹೋದ ವಾರ ಅವರ ಮಣ್ಣಿನಲ್ಲಿ ಹಳೇ ಹುಬ್ಬಳ್ಳಿಯ ಹೆಂಗಸರು ಬಹಳ ಇದ್ದರು. ಸ್ಮಶಾನದ ಗೋಡೆಯ ಹೊರಗೆ, ತಲೆಯ ಮೇಲೆ ಸೆರಗು ಹೊದ್ದು, ಸಾಲಾಗಿ.

ಅವರನ್ನು ನೆನೆದಾಗ ನನಗೆ ಕಾಣುವುದು ಆ ಎರಡನೆಯ ಚುನಾವಣೆಯ ಒಂದು ಮಧ್ಯಾಹ್ನ. ಮತ ಕೇಳುತ್ತ ತಿರುಗುತ್ತಿದ್ದಾಗ ಚಾಚಾ ಹುಡುಕಿಕೊಂಡು ಬಂದರು. ಬಣ್ಣಗಾರರ ಸೊಸೆಗೆ ಮತ್ತೆ ಹೆರಿಗೆ ನೋವು ಬಂದಿದೆಯಂತೆ. ಹಾಗೇ ಟಾಂಗಾ ತಿರುಗಿಸಿ ಓಣಿಗೆ ಹೋದೆವು. ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು, ಹಿರಿಯರಲ್ಲಿ ಒಬ್ಬರೂ ಇದ್ದರು. ಅಜ್ಜಿ ಮುಂದಿನ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಹೊರಗೆ ಬಂದು ನಿಂತಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಹಿಂದ ಕೆಸರ ಭಾಳ ಐತಿ. ಇವತ್ತ ಮುಂದ ಬರ್ರಿ, ಅಕ್ಕಾರ."

ಕಟ್ಟೆಯ ಮೇಲೆ ಯಾರೂ ಅಲುಗಲಿಲ್ಲ. ಅಕ್ಕಾರು ಟಾಂಗಾದಿಂದ ಇಳಿದು ಆ ಹೊಸ್ತಿಲನ್ನು ನೋಡಿದರು. ಅರಿಶಿಣ ಕುಂಕುಮ ಇಟ್ಟ ಹೊಸ್ತಿಲು. ಕೈ ಉಜ್ಜಿಕೊಂಡರು.

"ನೀ ಅಂದ್ಯಲ್ಲಬೇ, ಅಷ್ಟ ಸಾಕು," ಎಂದರು. "ಹಿಂದ ಹೋಗತೇನಿ. ಗಟಾರ ಎಲ್ಲೀ ಮಟಾ ಏರೈತಿ ನೋಡೂದೈತಿ."

ಸೀರೆ ಎತ್ತಿ ಹಿಡಿದು ಸಂದಿಯೊಳಗೆ ಇಳಿದರು. ಅಜ್ಜಿ ಬಾಗಿಲನ್ನು ಹಾಗೇ ತೆರೆದಿಟ್ಟು ಒಳಗೆ ಹೋದಳು, ಹಿತ್ತಲ ಕಡೆಗೆ, ತಂಬಿಗೆ ತುಂಬಿಕೊಳ್ಳಲು. ನಾನು ಸ್ವಲ್ಪ ಹೊತ್ತು ಆ ತೆರೆದ ಬಾಗಿಲಿನ ಮುಂದೆ ನಿಂತೆ. ಆಮೇಲೆ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಹೋದೆ.